ಬೊಟ್ಟಿಟ್ಟ ಕಬ್ಬಿಣ

ಗೇಟಣ್ಣನಿಗೆ ಯಾರನ್ನೂ ಅನುಮಾನಿಸಲು ಬರುತ್ತಿರಲಿಲ್ಲ. ಈಜು ಬರದವರು, ಸೈಕಲ್ ಬರದವರು ಇರುವುದಿಲ್ಲವೇ, ಹಾಗೆ. ಹೋಗಲಿ, ಇರುವುದೇ ಹೀಗೆ ಎಂದು ಬಿಟ್ಟುಬಿಡಬಹುದಿತ್ತು, ಅವನ ಕೆಲಸ ಕಾವಲು ಕಾಯುವುದಾಗಿರದಿದ್ದರೆ.

ಆಗಿನ್ನೂ ಮೂರನೆಯ ಅಂತಸ್ತಿಗೆ ಏರುತ್ತಿದ್ದ ಒಂದು ವಸತಿ ಕಟ್ಟಡ. ಅದರ ಗೇಟಿಗೆ ಒತ್ತಿಕೊಂಡಂತೆ ಒಂದು ತಗಡಿನ ಕೋಣೆ. ಕೋಣೆಯ ಮಧ್ಯದಲ್ಲಿ ಒಂದು ಪರದೆ; ಪರದೆಯ ಈಚೆ ಗೇಟಣ್ಣ, ಆಚೆ ಅವನ ತಂಗಿ. ತಂಗಿ ಅದೇ ಕಟ್ಟಡದ ವೆಲ್ಡರ್. ಇಡೀ ಸೈಟಿಗೆ ಅವಳು ಬೆಂಕಿಯಕ್ಕ, ಅಣ್ಣನೊಬ್ಬನಿಗೆ ಪುಟ್ಟಿ. ಅವಳ ಕೈಯ ಕಿಡಿಗೂ ಬಾಯಿಯ ಕಿಡಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಕಂಬಿ ಕಟ್ಟುವ ಮೇಸ್ತ್ರಿ ಹೇಳುತ್ತಿದ್ದ, ಅವಳು ದೂರದಲ್ಲಿದ್ದಾಗ.

ಮೊದಲ ಕಳ್ಳತನ ನಡೆದದ್ದು ಹಾಡಹಗಲೇ, ಎಲ್ಲರೂ ಕಟ್ಟಡದ ಹಿಂದುಗಡೆ ನೆರಳಲ್ಲಿ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ. ಒಂದು ಪುಟ್ಟ ಲಾರಿ ಬಂತು. ಹೆಲ್ಮೆಟ್ ಹಾಕಿಕೊಂಡವರು ಇಳಿದು, ಕಂಪನಿಯವರು ಎಂದು ಹೇಳಿ, ಕಂಬಿಯ ಕಟ್ಟುಗಳನ್ನು ಏರಿಸಿಕೊಂಡರು. ಹೊರಡುವಾಗ ಲಾರಿಯ ಚಕ್ರ ಮರಳಿನಲ್ಲಿ ಹೂತುಕೊಂಡಿತು. ಗೇಟಣ್ಣ ಕುರ್ಚಿಯಿಂದ ಎದ್ದು ಓಡಿ, ಹೆಗಲು ಕೊಟ್ಟು ತಳ್ಳಿದ. ಲಾರಿ ಹೋಯಿತು. ಬೆವರು ಒರೆಸಿಕೊಂಡು ಹಿಂದಿರುಗಿ ಬಂದರೆ ಅವನ ಕುರ್ಚಿಯೂ ಇಲ್ಲ. ಅವನು ಹಿಂದಿನಿಂದ ತಳ್ಳುತ್ತಿದ್ದಾಗ ಅವರಲ್ಲೊಬ್ಬ ಪಕ್ಕದಿಂದ ಅದನ್ನೂ ಏರಿಸಿಕೊಂಡಿದ್ದ.

"ಪಾಪ, ಗಡಿಬಿಡೀಲಿ ತಗೊಂಡು ಹೋಗಿರ್ಬೇಕು," ಎಂದ ಗೇಟಣ್ಣ. "ಗೊತ್ತಾದ್ಮೇಲೆ ತಂದ್ಕೊಡ್ತಾರೆ ಬಿಡು."

ಬೆಂಕಿಯಕ್ಕನಿಗೆ ಕಂಬಿ ಹೋದದ್ದಕ್ಕಿಂತ ಕುರ್ಚಿ ಹೋದದ್ದೇ ಹೆಚ್ಚು ಉರಿಯಿತು. ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿದ್ದು ಈ ಅಣ್ಣ. ತಾನು ವೆಲ್ಡಿಂಗ್ ಕಲಿಯುತ್ತೇನೆ ಎಂದು ಅವಳು ಹಟ ಹಿಡಿದಾಗ ಬಳಗದವರೆಲ್ಲ ಮೂಗು ಮುರಿದರು. ಇವನೊಬ್ಬ ಮಾತ್ರ, ಅದಕ್ಕೇನಂತೆ ಎಂದು ಒಂದು ತರಬೇತಿ ಶಾಲೆಗೆ ಸೇರಿಸಿ ಬಂದ. ಅಲ್ಲಿ ಹುಡುಗರು ಅವಳನ್ನು ಗೋಳು ಹೊಯ್ದುಕೊಂಡಾರು ಎಂದು ಕಲಿಕೆ ಮುಗಿಯುವ ತನಕ ಹೊರಗಿನ ಕಲ್ಲಿನ ಮೇಲೆ ಕಾದು ಕೂರುತ್ತಿದ್ದ. ಆ ಕಲ್ಲನ್ನು ನೋಡಿ ನೋಡಿ ಸಾಕಾಗಿಯೇ ಅವಳು ತನ್ನ ಕೈಯಿಂದ ಮಾಡಿದ ಮೊದಲ ವಸ್ತು ಅಣ್ಣನಿಗೊಂದು ಕಬ್ಬಿಣದ ಕುರ್ಚಿ. ಅದರ ಬೆಸುಗೆಯ ಗಂಟುಗಳು ಹಕ್ಕಿ ಹಿಕ್ಕೆ ಹಾಕಿದಂತಿದ್ದವು, ಬೆನ್ನೊರಗುವ ಜಾಗ ಒಂದು ಕಡೆಗೆ ಸೊಟ್ಟ. ಅಣ್ಣ ಅದರ ಮೇಲೆ ಕೂತು, ಇಂಥ ಸುಖ ತಾನು ಕಂಡೇ ಇಲ್ಲ ಎಂದಿದ್ದ. ಅವನು ಸುಳ್ಳು ಹೇಳುವವನಲ್ಲವಾದ್ದರಿಂದ ಅವಳು ನಂಬಿದ್ದಳು.

ಮಾರನೆಯ ದಿನ ಯಜಮಾನರು ಬಂದರು. ಯಜಮಾನರು ಎಂದರೆ ಕಟ್ಟಡದ ಗುತ್ತಿಗೆದಾರರು. ಸೈಟಿನಲ್ಲಿ ಅವರು ಕೂತದ್ದನ್ನು ಕಂಡವರಿಲ್ಲ; ಊಟವೂ ನಿಂತೇ, ಬೈಗುಳವೂ ನಿಂತೇ. ಅವತ್ತು ಅವರು ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು.

"ನೀನು ಒಳ್ಳೆಯವನಪ್ಪ," ಎಂದರು ಗೇಟಣ್ಣನಿಗೆ. "ಆದ್ರೆ ಇನ್ಮೇಲೆ ಇಲ್ಲಿಂದ ಒಂದು ಮೊಳೆ ಆಚೆ ಹೋದ್ರೂ ಅದರ ಹಿಂದೇನೇ ನೀನೂ ಹೋಗ್ಬೇಕಾಗುತ್ತೆ."

ಗೇಟಣ್ಣ ತಲೆಯಾಡಿಸಿದ. ಅವನ ತಲೆಯಲ್ಲಿ ಅರ್ಧಕ್ಕರ್ಧ ಕೂದಲು ಬೆಳ್ಳಗಾಗಿತ್ತು. ಈ ಕೆಲಸವೇ ಎಷ್ಟೋ ಬಾಗಿಲು ತಟ್ಟಿದ ಮೇಲೆ ಸಿಕ್ಕಿದ್ದು. ಇಲ್ಲಿಂದ ಹೊರಬಿದ್ದರೆ ಇನ್ನೊಂದು ಗೇಟು ಅವನಿಗಾಗಿ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ತಂಗಿಗೆ ಚೆನ್ನಾಗಿ ಗೊತ್ತಿತ್ತು.

ಅಣ್ಣನನ್ನು ಬದಲಾಯಿಸುವುದು ಆಗದ ಮಾತು. ಕಬ್ಬಿಣವನ್ನಾದರೂ ಬದಲಾಯಿಸಬಹುದು ಎಂದುಕೊಂಡಳು ಬೆಂಕಿಯಕ್ಕ.

ವೆಲ್ಡಿಂಗಿನಲ್ಲಿ ಬೊಟ್ಟಿಡುವುದು ಎಂದೊಂದು ಕೆಲಸವುಂಟು. ಎರಡು ಕಬ್ಬಿಣಗಳನ್ನು ಪೂರ್ತಿ ಬೆಸೆಯುವ ಮೊದಲು ಅಲ್ಲಾಡದಂತೆ ಹಿಡಿಸಲು ಒಂದು ಚುಕ್ಕೆಯಷ್ಟು ಬೆಸುಗೆ ಮುಟ್ಟಿಸುವುದು. ಬೇಡವಾದಾಗ ಉಳಿ ಸುತ್ತಿಗೆಯಿಂದ ಸರಿಯಾದ ಕಡೆ ಒಂದು ಏಟು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಬೆಂಕಿಯಕ್ಕ ಅಂದು ಸಂಜೆ ಕೆಲಸ ಬಿಡುವ ಹೊತ್ತಿಗೆ ಪೈಪಿಗೆ ಪೈಪು, ಪೈಪಿಗೆ ತಾರಸಿ ಎತ್ತಿ ಹಿಡಿಯುವ ಜಾಕಿ, ಜಾಕಿಗೆ ಕಾಂಕ್ರೀಟ್ ಸುರಿಯುವ ಸೆಂಟ್ರಿಂಗ್ ಶೀಟು, ಶೀಟಿಗೆ ಕೈಗಾಡಿ, ಹೀಗೆ ಒಂದಕ್ಕೊಂದನ್ನು ಬೊಟ್ಟಿಟ್ಟು ಕೂರಿಸಿದಳು. ಅಂಗಳದಲ್ಲಿದ್ದ ಕಬ್ಬಿಣವೆಲ್ಲ ಒಂದೇ ಕುಟುಂಬವಾಯಿತು. ಕದಿಯುವುದಿದ್ದರೆ ಇಡೀ ಸಂಸಾರವನ್ನೇ ಕದಿಯಬೇಕು.

ಅದೇ ದಿನ, ತುಂಡು ಕಂಬಿಗಳನ್ನು ಆರಿಸಿ ಅಣ್ಣನಿಗೆ ಹೊಸ ಕುರ್ಚಿ ಮಾಡಿದಳು. ಗೇಟಿನ ಕಂಬಕ್ಕೆ ಇನ್ನೂ ಕಾಂಕ್ರೀಟ್ ಹಾಕಿರಲಿಲ್ಲ, ಕಂಬಿಗಳು ನೆಟ್ಟಗೆ ನಿಂತಿದ್ದವು. ಕುರ್ಚಿಯ ಹಿಂದಿನ ಕಾಲುಗಳನ್ನು ಆ ಕಂಬಿಗಳಿಗೆ ಬೆಸೆದುಬಿಟ್ಟಳು. ಬೊಟ್ಟಲ್ಲ, ಮೇಲಿಂದ ಕೆಳಗೆ ಪೂರ್ತಿ ಬೆಸುಗೆ.

"ಇದ್ಯಾಕೆ ಪುಟ್ಟಿ?" ಎಂದ ಗೇಟಣ್ಣ.

"ನೀನಂತೂ ಕೂತಲ್ಲಿ ಕೂರಲ್ಲ. ಕುರ್ಚಿಯಾದ್ರೂ ಕೂತಿರ್ಲಿ."

ಮಾರನೆಯ ಬೆಳಿಗ್ಗೆ ಸೈಟಿನಲ್ಲಿ ಹಬ್ಬವೋ ಹಬ್ಬ. ಉಳಿ ಸುತ್ತಿಗೆಯ ಠಣ್ ಠಣ್ ಸದ್ದಿಗೆ ಅಕ್ಕಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಬೆಂಕಿಯಕ್ಕ ಒಂದೊಂದೇ ಬೊಟ್ಟು ಬಿಡಿಸುತ್ತ ಹೋದಂತೆ ಅವಳ ಹಿಂದೆ ಸಾಲು ನಿಂತ ಕೆಲಸಗಾರರು ತಂತಮ್ಮ ಸಾಮಾನು ಇಸಿದುಕೊಂಡರು. ದಿನ ಕಳೆದಂತೆ ಅವಳಿಗೂ ಕೈ ತುರಿಕೆ ಹೆಚ್ಚಾಯಿತೆನ್ನಿ. ಗಾರೆ ಮೇಸ್ತ್ರಿ ಮರೆತುಹೋದ ಕರಣೆ ಬಾಂಡ್ಲಿಗೆ ಅಂಟಿತು. ಕಂಬಿ ಮೇಸ್ತ್ರಿಯ ಊಟದ ಡಬ್ಬಿ ಪೈಪಿನ ಮೇಲೆ ಕೂತಿತ್ತು, ಅದೂ ಅಂಟಿತು. ಅವನು ಒಂದು ಮಧ್ಯಾಹ್ನವಿಡೀ ಪೈಪಿನ ಪಕ್ಕ ಮಂಡಿಯೂರಿ, ಡಬ್ಬಿಗೆ ಕೈ ಹಾಕಿ ಊಟ ಮಾಡಿದ. ಎಂಜಿನಿಯರ್ ತಮ್ಮ ಸ್ಕೂಟರನ್ನು ಜಾಕಿಗಳಿಗೆ ಒರಗಿಸಿ ನಿಲ್ಲಿಸಿ ಮೇಲಕ್ಕೆ ಹೋಗಿದ್ದರು. ಇಳಿದು ಬಂದು, ಸ್ಟಾರ್ಟ್ ಮಾಡಿ, ಮುಂದಕ್ಕೆ ಹೋಗಲಾರದೆ, ಇದಕ್ಕೆ ಏನಾಯಿತು ಎಂದು ಬಗ್ಗಿ ನೋಡಿ, ಮತ್ತೆ ಮೇಲಕ್ಕೆ ಹೋಗಿ ಬೆಂಕಿಯಕ್ಕನನ್ನು ಕರೆತಂದರು.

"ಕಬ್ಬಿಣ ಅಂತ ಕಂಡ್ರೆ ಸಾಕು, ಬೊಟ್ಟಿಡ್ತೀಯಲ್ಲಮ್ಮ," ಎಂದು ಕಂಬಿ ಮೇಸ್ತ್ರಿ ಹಲ್ಲು ಕಡಿದ. "ನಾಳೆ ನನ್ನ ಹಲ್ಲಿಗೂ ಇಟ್ಬಿಟ್ಟೀಯ. ಒಂದಕ್ಕೆ ಸ್ಟೀಲ್ ಕಟ್ಟಿಸಿದೀನಿ."

"ಬಾಯಿ ಮುಚ್ಚಿಕೊಂಡಿದ್ರೆ ಇಡಲ್ಲ," ಎಂದಳು ಅವಳು.

ಆದರೆ ಕಬ್ಬಿಣ ಹೋಗುವುದು ನಿಂತಿತು. ಒಂದು ಮೊಳೆಯೂ ಆಚೆ ಹೋಗಲಿಲ್ಲ. ಯಜಮಾನರು ಬೆಳಗಿನ ಹೊತ್ತು ಹಾಳಾಗುತ್ತಿದೆ ಎಂದು ಗೊಣಗಿದರೂ ಬೇಡ ಎನ್ನಲಿಲ್ಲ. ಗೇಟಣ್ಣ ಕಂಬಕ್ಕೆ ಬೆಸೆದ ಕುರ್ಚಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಕೈಯೆತ್ತುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ತಂಗಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ಹೀಗಿರುವಾಗ ಒಂದು ರಜೆಯ ದಿನ. ಸೈಟಿನಲ್ಲಿ ನರಪಿಳ್ಳೆಯಿಲ್ಲ. ಬೆಂಕಿಯಕ್ಕ ತಲೆಗೆ ನೀರು ಹಾಕಿಕೊಂಡು, ಕೋಣೆಯಲ್ಲಿ ಕೂದಲು ಒರೆಸಿಕೊಳ್ಳುತ್ತಿದ್ದಳು. ಗೇಟಣ್ಣ ಬಾಗಿಲಲ್ಲಿ ಬಂದು ನಿಂತ. ಯಾರಿಗೋ ತೊಂದರೆ ಕೊಟ್ಟವನಂತೆ ಅವನ ಮುಖ ಸಪ್ಪಗಾಗಿತ್ತು.

"ಪುಟ್ಟಿ, ಒಂಚೂರು ಬರ್ತೀಯಾ? ಕಂಪನಿಯವರು ಪೈಪು ತಗೊಂಡು ಹೋಗೋಕೆ ಬಂದಿದಾರೆ. ಒಂದನ್ನ ಎತ್ತಿದ್ರೆ ಎಲ್ಲಾ ಎದ್ದು ಬರುತ್ತೆ. ಪಾಪ, ಅವರಿಗೆ ಸೊಂಟ ಹಿಡ್ಕೊಂಡಿದೆ."

ಬೆಂಕಿಯಕ್ಕನ ಕೈಯಲ್ಲಿದ್ದ ಟವೆಲ್ ನಿಂತಿತು. "ಯಾರು ಗೇಟ್ ತೆಗೆದಿದ್ದು?"

"ನಾನೇ. ಬಿಸಿಲಲ್ಲಿ ನಿಂತಿದ್ರು."

"ಯಾರಿಗೂ ತೆಗೀಬೇಡ ಅಂದಿದ್ದೆನಲ್ಲಣ್ಣ."

"ಯಾರಿಗೂ ತೆಗೆದಿಲ್ಲಮ್ಮ. ಇವರಿಗೆ ಮಾತ್ರ ತೆಗೆದಿದ್ದು."

ಅವಳು ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಅಂಗಳಕ್ಕೆ ಬಂದಳು. ಪುಟ್ಟ ಲಾರಿಯೊಂದು ಕಬ್ಬಿಣದ ರಾಶಿಗೆ ಹಿಂಭಾಗ ತಾಗಿಸಿಕೊಂಡು ನಿಂತಿತ್ತು. ಹೆಲ್ಮೆಟ್ಟಿನ ಮೂವರು ಸೊಂಟಕ್ಕೆ ಕೈಕೊಟ್ಟು, ಬೊಟ್ಟಿಟ್ಟ ಪೈಪುಗಳನ್ನು ದಿಟ್ಟಿಸುತ್ತಿದ್ದರು. ಇರಬಹುದೇನೋ, ಕಂಪನಿಯವರೇ ಇರಬಹುದೇನೋ ಎಂದು ಅವಳೂ ಒಂದು ಗಳಿಗೆ ಅಂದುಕೊಂಡಳು. ಅಷ್ಟರಲ್ಲಿ ಗೇಟಣ್ಣ ಖುಷಿಯಿಂದ ಲಾರಿಯ ಕಡೆ ಬೆರಳು ತೋರಿಸಿದ.

"ನೋಡು ಪುಟ್ಟಿ, ಇವರ ಹತ್ರಾನೂ ನಮ್ಮ ಥರದ್ದೇ ಕುರ್ಚಿ ಇದೆ."

ಲಾರಿಯ ಮೇಲೆ, ಹಿಂದೆ ಕೂರುವವರ ಅನುಕೂಲಕ್ಕೆಂದು ಒಂದು ಕಬ್ಬಿಣದ ಕುರ್ಚಿ ಇಟ್ಟಿದ್ದರು. ಬೆನ್ನು ಒಂದು ಕಡೆಗೆ ಸೊಟ್ಟ. ಬೆಸುಗೆಯ ಗಂಟುಗಳು ಹಕ್ಕಿ ಹಿಕ್ಕೆಯಂತೆ. ತನ್ನ ಮಗುವನ್ನು ಸಂತೆಯಲ್ಲಿ ಕಂಡಂತಾಯಿತು ಅವಳಿಗೆ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಒಂದು ಯೋಚನೆ ಬಂತು. ಅದು ಎಂಥ ಯೋಚನೆ ಎಂದರೆ, ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

"ಬಿಡಿಸ್ಕೊಡ್ತೀನಿ, ಅದಕ್ಕೇನಂತೆ," ಎಂದಳು. "ಕಡ್ಡಿ ತರ್ತೀನಿ ಇರಿ."

ಕೋಣೆಗೆ ಹೋಗಿ ಯಜಮಾನರಿಗೆ ಫೋನ್ ಮಾಡಿದಳು. ಆಮೇಲೆ ಹಿಂದಿನ ಬೀದಿಯಲ್ಲಿರುವ ಕಂಬಿ ಮೇಸ್ತ್ರಿಗೂ ಮಾಡಿದಳು. ವೆಲ್ಡಿಂಗ್ ಕಡ್ಡಿಗಳನ್ನೂ ಮುಖಕ್ಕೆ ಹಿಡಿಯುವ ಮಾಸ್ಕನ್ನೂ ಹಿಡಿದು ಬಂದು, ಯಂತ್ರ ಚಾಲೂ ಮಾಡಿ, ಮೂವರನ್ನೂ ಒಮ್ಮೆ ನೋಡಿದಳು.

"ಈ ಬೆಳಕು ನೋಡಿದ್ರೆ ಕಣ್ಣು ಹೋಗುತ್ತೆ. ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ. ನಾನು ಹೇಳೋ ತನಕ ತಿರುಗ್ಬೇಡಿ."

ಕಣ್ಣಿನ ವಿಷಯಕ್ಕೆ ಕಳ್ಳನೂ ಒಂದೇ, ಸಾಹುಕಾರನೂ ಒಂದೇ. ಮೂವರೂ ತೆಪ್ಪಗೆ ಗೋಡೆಗೆ ಮುಖ ಮಾಡಿ ನಿಂತರು. ಗೇಟಣ್ಣನೂ ಅವರ ಪಕ್ಕದಲ್ಲಿ ಹೋಗಿ ನಿಂತ.

ಬೆಂಕಿಯಕ್ಕ ಕೆಲಸ ಶುರು ಮಾಡಿದಳು. ಬಿಡಿಸುವ ಕೆಲಸವಲ್ಲ. ಲಾರಿಯ ಹಿಂಬದಿಯ ಕಬ್ಬಿಣದ ಪಟ್ಟಿಯನ್ನು ರಾಶಿಯ ತೀರಾ ದಪ್ಪ ಪೈಪಿಗೆ ಬೆಸೆದಳು. ಅದರ ಪಕ್ಕದ ಪೈಪಿಗೂ ಬೆಸೆದಳು. ರಾಶಿಯ ಇನ್ನೊಂದು ತುದಿಗೆ ಕಾಂಕ್ರೀಟ್ ಕಲಸುವ ಯಂತ್ರವಿತ್ತು. ಅದಕ್ಕೂ ರಾಶಿಗೂ ನಂಟು ಕುದುರಿಸಿದಳು. ಮಾಸ್ಕಿನ ಒಳಗೆ ನಗು ಉಕ್ಕಿ ಉಕ್ಕಿ ಗಾಜಿಗೆಲ್ಲ ಹಬೆ ಕಟ್ಟಿಕೊಂಡಿತು. ಜೀವನದಲ್ಲಿ ಇಷ್ಟು ಚೆಂದದ ಬೆಸುಗೆ ತಾನು ಹಾಕಿಯೇ ಇರಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

ಗೋಡೆಯ ಬಳಿ ಮಾತುಕತೆ ಸಾಗಿತ್ತು.

"ಊಟ ಆಯ್ತಾ ನಿಮ್ದೆಲ್ಲ?" ಎಂದು ಗೇಟಣ್ಣ ಗೋಡೆಯನ್ನು ನೋಡುತ್ತಲೇ ಕೇಳಿದ.

"ಇಲ್ಲಣ್ಣ," ಎಂದ ಮೂವರಲ್ಲಿ ಹಿರಿಯನಾದವನು. ಅವನಿಗೆ ಮೀಸೆ ಇತ್ತು.

"ರಜಾ ದಿನಾನೂ ದುಡಿಸ್ತಾರಲ್ಲ ನಿಮ್ಮನ್ನ. ನಾನು ಯಜಮಾನರಿಗೆ ಹೇಳ್ತೀನಿ. ಚಹಾನಾದ್ರೂ ಕುಡೀತೀರಾ?"

ಮೀಸೆಯವನು ಪಕ್ಕದವನ ಕಡೆ ಕಣ್ಣು ಹೊರಳಿಸಿದ. ಅಷ್ಟರಲ್ಲಿ ಗೇಟಿನಾಚೆ ಯಜಮಾನರ ಕಾರಿನ ಹಾರ್ನು ಕೇಳಿತು, ಅದರ ಹಿಂದೆ ಕಂಬಿ ಮೇಸ್ತ್ರಿಯ ಕೂಗು. ಮೂವರಲ್ಲಿ ಲಾರಿ ಓಡಿಸುವವನಿಗೆ ಅರ್ಥವಾಯಿತು. ಒಂದೇ ನೆಗೆತಕ್ಕೆ ಒಳಗೆ ಹಾರಿ, ಗೇರು ಹಾಕಿ, ಕಾಲು ಒತ್ತಿದ. ಲಾರಿ ಹೊರಟಿತು. ಲಾರಿಯ ಹಿಂದೆ ಪೈಪುಗಳೂ ಹೊರಟವು, ಪೈಪುಗಳ ಹಿಂದೆ ಜಾಕಿಗಳು, ಶೀಟುಗಳು, ಕೈಗಾಡಿ, ಬಾಂಡ್ಲಿ, ಕರಣೆ. ಊರಿನ ಪಾತ್ರೆಯಂಗಡಿಗಳೆಲ್ಲ ಒಟ್ಟಿಗೆ ಮೆಟ್ಟಿಲು ಇಳಿದಂಥ ಸದ್ದು. ಗೇಣು ದೂರ ಹೋಗುವುದರೊಳಗೆ ಕಾಂಕ್ರೀಟ್ ಯಂತ್ರ ಬಿಗಿಹಿಡಿಯಿತು. ಲಾರಿ ನಿಂತಲ್ಲೇ ಗುಟುರು ಹಾಕಿತು, ಚಕ್ರಗಳು ಮರಳನ್ನು ಹಿಂದಕ್ಕೆ ಎರಚುತ್ತ ಒಳಗೆ ಒಳಗೆ ಹೂತುಹೋದವು.

"ಅಕ್ಕಾ, ಈಗ ತಿರುಗಬಹುದಾ?" ಎಂದು ಗೋಡೆಯ ಬಳಿಯಿಂದ ಮೀಸೆಯವನು ಕೇಳಿದ.

"ಇನ್ನೂ ಇಲ್ಲ," ಎಂದಳು ಬೆಂಕಿಯಕ್ಕ.

ಅಲ್ಲಿಗೆ ಎಲ್ಲವೂ ಸರಿಯಾಗಿತ್ತು. ಅವಳು ಹೇಳಬೇಕಾದದ್ದನ್ನೂ ಮನಸ್ಸಿನಲ್ಲೇ ಹೊಸೆದುಕೊಂಡಿದ್ದಳು: ಇದೆಲ್ಲ ಅಣ್ಣನದೇ ಉಪಾಯ, ಕಳ್ಳರನ್ನು ಬೇಕೆಂದೇ ಒಳಗೆ ಬಿಟ್ಟು ಹಿಡಿದ. ಆದರೆ ಗೇಟಣ್ಣನ ಕಿವಿಗೆ ಬಿದ್ದದ್ದು ಒಂದೇ, ಮರಳಿನಲ್ಲಿ ಹೂತ ಚಕ್ರದ ಸದ್ದು. ಅವನಿಂದ ತಡೆಯಲಾಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ತಡಕಾಡುತ್ತ ಬಂದು, ಲಾರಿಗೆ ಹೆಗಲು ಕೊಟ್ಟು ತಳ್ಳತೊಡಗಿದ. ಯಜಮಾನರು ಗೇಟು ದಾಟಿ ಒಳಗೆ ಬಂದಾಗ ಕಂಡದ್ದು ಇದು: ಕಳ್ಳರ ಲಾರಿ, ಅದನ್ನು ಮೈಯ ಬಲವನ್ನೆಲ್ಲ ಹಾಕಿ ತಳ್ಳುತ್ತಿರುವ ತಮ್ಮ ಕಾವಲುಗಾರ.

ಕಂಬಿ ಮೇಸ್ತ್ರಿ ಮತ್ತವನ ಕಡೆಯವರು ಲಾರಿಯವನನ್ನು ಕೆಳಗಿಳಿಸಿದರು. ಗೋಡೆಯ ಬಳಿಯಿದ್ದವರು ತಿರುಗಿ ನೋಡಿ, ಇದಕ್ಕಿಂತ ಗೋಡೆಯೇ ವಾಸಿ ಎಂದು ಮತ್ತೆ ಆ ಕಡೆ ತಿರುಗಿಕೊಂಡರು. ಪೊಲೀಸರಿಗೆ ಹೇಳಿ ಕಳಿಸಿದ್ದಾಯಿತು. ಯಜಮಾನರು ಮಾತ್ರ ಗೇಟಣ್ಣನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

"ಇವನೇನು ಮಾಡ್ತಾ ಇದ್ದ?"

"ಲಾರೀನ ತಡೀತಾ ಇದ್ದ ಯಜಮಾನ್ರೇ," ಎಂದಳು ಬೆಂಕಿಯಕ್ಕ. "ಎಲ್ಲಾ ಇವನದೇ ಉಪಾಯ."

"ಇಲ್ಲ ಪುಟ್ಟಿ, ತಳ್ತಾ ಇದ್ದೆ," ಎಂದ ಗೇಟಣ್ಣ. "ಗೇಟ್ ತೆಗೆದಿದ್ದೂ ನಾನೇ. ಪೈಪಿಗೆ ಒಂದು ಕೈ ಹಾಕಿದ್ದೂ ನಾನೇ. ಇವಳು ಇಲ್ದೇ ಇದ್ರೆ ಎಲ್ಲಾ ಹೋಗಿರ್ತಿತ್ತು."

ಬೆಂಕಿಯಕ್ಕ ಕಣ್ಣು ಮುಚ್ಚಿಕೊಂಡಳು. ಇವನನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

"ಅವರನ್ನ ಬೈಬೇಡಿ ಸ್ವಾಮಿ," ಎಂದ ಮೀಸೆಯವನು, ಗೋಡೆಯ ಕಡೆಯಿಂದ. "ಊಟ ಆಯ್ತಾ ಅಂತ ಕೇಳಿದ್ರು. ಇಂಥವರು ಕಾಯೋ ಕಡೆ ಕದಿಯೋಕೆ ಒಂಥರಾ ಆಗುತ್ತೆ."

"ನೀನು ಬಾಯಿ ಮುಚ್ಚು," ಎಂದರು ಯಜಮಾನರು. ಗೇಟಣ್ಣನ ಕಡೆ ತಿರುಗಿದಾಗ ಅವರ ದನಿ ತಗ್ಗಿತ್ತು. "ನಾನು ಅವತ್ತೇ ಹೇಳಿದ್ದೆನಲ್ಲಪ್ಪ. ಈ ಕೆಲಸ ನಿನ್ನದಲ್ಲ. ನಿನ್ನ ಕುರ್ಚಿ ತಗೊಂಡು ಹೊರಡು."

ಗೇಟಣ್ಣ ವಾದ ಮಾಡಲಿಲ್ಲ. ಸರಿ ಎಂದು ತಲೆಯಾಡಿಸಿ, ಗೇಟಿನ ಬಳಿ ಹೋಗಿ, ಕುರ್ಚಿಯನ್ನು ಎತ್ತಿದ. ಬರಲಿಲ್ಲ. ಎರಡೂ ಕೈ ಹಾಕಿ ಎತ್ತಿದ. ಬರಲಿಲ್ಲ.

"ಒಂದು ನಿಮಿಷ ಯಜಮಾನ್ರೇ," ಎಂದು ಸಂಕೋಚದಿಂದ ಹೇಳಿ ಇನ್ನೊಮ್ಮೆ ಜಗ್ಗಿದ.

ಕಂಬಿ ಮೇಸ್ತ್ರಿ ಸಹಾಯಕ್ಕೆ ಬಂದ. ಅವನ ಸೊಂಟವನ್ನು ಇನ್ನೊಬ್ಬ ಹಿಡಿದ. ಕುರ್ಚಿ ಅಲ್ಲಾಡಲಿಲ್ಲ, ಹಿಡಿದವರೇ ಒಬ್ಬರ ಮೇಲೊಬ್ಬರು ಬಿದ್ದರು. ಪೊಲೀಸರಿಗಾಗಿ ಕಾಯುತ್ತ ಕೂತಿದ್ದ ಲಾರಿಯವನು ಕಿಸಕ್ಕೆಂದ. ಯಜಮಾನರು ತಾಳ್ಮೆಗೆಟ್ಟು, ಎಲ್ಲರನ್ನೂ ಸರಿಸಿ, ತೋಳು ಮಡಿಚಿ ತಾವೇ ಕೈ ಹಾಕಿದರು. ಮುಖ ಕೆಂಪಗಾಯಿತು, ಅಷ್ಟೇ.

"ಏನಮ್ಮ ಇದು?"

"ಬೆಸೆದಿದೀನಿ," ಎಂದಳು ಬೆಂಕಿಯಕ್ಕ.

"ಹಾಗಾದ್ರೆ ಬಿಡಿಸು."

ಕಲ್ಲಿನ ಮೇಲೆ ಕೂತು ತನಗಾಗಿ ಕಾಯುತ್ತಿದ್ದವನ ಚಿತ್ರ ಅವಳ ಕಣ್ಣಿಗೆ ಕಟ್ಟಿತು. ಅವನ ಕುರ್ಚಿಯನ್ನು ತನ್ನ ಕೈಯಿಂದಲೇ ಕತ್ತರಿಸುವುದು ಅವಳಿಂದ ಆಗದು. "ನಾನು ಬಿಡಿಸಲ್ಲ ಯಜಮಾನ್ರೇ," ಎಂದಳು. "ಬೇಕಾದ್ರೆ ಬೇರೆ ವೆಲ್ಡರ್‌ನ ಕರೆಸಿ. ಇವನು ಹೋದ್ರೆ ನಾನೂ ಹೋಗ್ತೀನಿ. ಇವನಿಗೆ ಕಾಯೋಕೆ ಬರಲ್ಲ ಅಂತೀರಲ್ಲ, ನನ್ನನ್ನ ಕಾದಿದ್ದು ಇವನೇ."

ಕಂಬಿ ಮೇಸ್ತ್ರಿ ಮುಂದೆ ಬಂದ. ಪೈಪಿನ ಪಕ್ಕ ಮಂಡಿಯೂರಿ ಉಂಡವನು ಅವನು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ.

"ಕತ್ತರಿಸಿದ್ರೆ ನಾನು ಕಟ್ಟಿರೋ ಕಂಬಿಗೂ ಏಟು ಬೀಳುತ್ತೆ ಯಜಮಾನ್ರೇ," ಎಂದ. "ಆಮೇಲೆ ಗೇಟಿನ ಕಂಬ ಪೂರ್ತಿ ಬಿಚ್ಚಿ ಕಟ್ಬೇಕು. ಕುರ್ಚಿ ಅಲ್ಲೇ ಇದ್ರೆ ಯಾರಿಗೇನು ಕಷ್ಟ?"

ಯಜಮಾನರು ಮೇಸ್ತ್ರಿಯನ್ನು ನೋಡಿದರು, ಬೆಂಕಿಯಕ್ಕನನ್ನು ನೋಡಿದರು, ಲಾರಿಯ ಬಾಲಕ್ಕೆ ಗಂಟುಬಿದ್ದಿದ್ದ ಇಡೀ ಅಂಗಳವನ್ನು ನೋಡಿದರು. ಆಮೇಲೆ ಅವರು ಯಾರೂ ಎಣಿಸದ ಕೆಲಸ ಮಾಡಿದರು. ಕುರ್ಚಿಯ ಮೇಲೆ ಕೂತರು. ಬೆನ್ನು ಒರಗಿಸಿದರು. ಕಾಲು ಚಾಚಿದರು. ಅವರ ಮುಖದ ಗಂಟು ಒಂದೊಂದಾಗಿ ಸಡಿಲವಾಗುವುದನ್ನು ಎಲ್ಲರೂ ಬೆರಗಾಗಿ ನೋಡಿದರು. ಕೂತಲ್ಲಿಂದ ಅವರಿಗೆ ಕಂಡದ್ದು, ಕೈಗಾಡಿಯನ್ನೂ ಬಾಂಡ್ಲಿಯನ್ನೂ ಸಂಸಾರ ಸಮೇತ ಎಳೆದೊಯ್ಯಲು ಹೊರಟು ಸೋತು ನಿಂತ ಆ ಪುಟ್ಟ ಲಾರಿ. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಕೊನೆಗೆ ಬಾಯಿ ಬಿಟ್ಟುಕೊಂಡಿತು. ಅವರು ನಕ್ಕದ್ದೇ ತಡ, ಸೈಟಿಗೆ ಸೈಟೇ ನಕ್ಕಿತು. ಗೋಡೆಯ ಬಳಿಯಿದ್ದವರ ಬೆನ್ನುಗಳೂ ಅದುರಿದವು. ಯಾಕೆ ಎಂದು ತಿಳಿಯದೆ ಗೇಟಣ್ಣನೂ ನಕ್ಕ.

"ಬೀಗದ ಕೈ ತಂಗಿ ಹತ್ರ ಇರ್ಲಿ," ಎಂದರು ಯಜಮಾನರು, ಕಣ್ಣೀರು ಒರೆಸಿಕೊಳ್ಳುತ್ತ. "ಕುರ್ಚಿ ನಿನ್ನ ಹತ್ರ ಇರ್ಲಿ. ಇನ್ನು ಸ್ವಲ್ಪ ಹೊತ್ತು ನಾನು ಕೂತಿರ್ತೀನಿ, ಆಮೇಲೆ ತಗೋ."

ಗೇಟಿನ ಕಂಬಕ್ಕೆ ಕಾಂಕ್ರೀಟ್ ಹಾಕುವಾಗ ಎಂಜಿನಿಯರ್ ಗೊಣಗಿದರು, ಆದರೂ ಕುರ್ಚಿಯ ಹಿಂದಿನ ಕಾಲುಗಳು ಕಂಬದೊಳಗೇ ಉಳಿದವು. ಕಟ್ಟಡ ಮುಗಿಯಿತು, ಕೆಲಸಗಾರರು ಚದುರಿದರು, ಮನೆಗಳಿಗೆ ಜನ ಬಂದರು. ಬಂದವರು ಗೇಟಿಗೆ ಅಂಟಿದ ಕುರ್ಚಿಯನ್ನೂ ಅದರಲ್ಲಿ ಕೂತವನನ್ನೂ ಕಟ್ಟಡದ ಜೊತೆಗೇ ಬಂದದ್ದೆಂದು ತಿಳಿದು ಸುಮ್ಮನಾದರು. ಪೊಲೀಸರು ಹಿಂತಿರುಗಿಸಿದ ಸೊಟ್ಟ ಬೆನ್ನಿನ ಹಳೆಯ ಕುರ್ಚಿ ಅದರ ಪಕ್ಕದಲ್ಲಿದೆ. ಸಂಜೆ ಬೇರೆ ಸೈಟಿನ ಕೆಲಸ ಮುಗಿಸಿ ಬಂದ ಬೆಂಕಿಯಕ್ಕ ಅದರಲ್ಲಿ ಕೂರುತ್ತಾಳೆ, ಬೀಗದ ಕೈ ಸೊಂಟದಲ್ಲಿ.

ಬೀದಿಯಲ್ಲಿ ಯಾರದ್ದಾದರೂ ಗಾಡಿ ನಿಂತರೆ ಗೇಟಣ್ಣ ಈಗಲೂ ಎದ್ದು ಓಡುತ್ತಾನೆ, ಹೆಗಲು ಕೊಟ್ಟು ತಳ್ಳುತ್ತಾನೆ. ಅವಳು ತಡೆಯುವುದಿಲ್ಲ. ಅವನು ಬೆವರು ಒರೆಸಿಕೊಂಡು ಬರುವಾಗ ಕುರ್ಚಿ ಅಲ್ಲೇ ಇರುತ್ತದೆ.